ಒಂದು ಚಮಚ ಶಾಯಿ, ಹದಿಮೂರು ಕಿಲೋ ಅಕ್ಕಿ

ಬಳ್ಳಾರಿಯ ಗಾಂಧಿನಗರದ ನಮ್ಮ ಮನೆಗೆ ಪ್ರಿಂಟರ್ ಬಂದದ್ದು ಮಗಳ ಶಾಲೆಯ ಪ್ರಾಜೆಕ್ಟಿಗಾಗಿ. ಆಮೇಲೆ ಅದರ ಕೆಲಸ ಬೆಳೆಯಿತು. ಆಧಾರ್ ಪ್ರತಿ, ಪರೀಕ್ಷೆಯ ಹಾಲ್ ಟಿಕೆಟ್, ಊರಿನ ಹೊಲದ ಪಹಣಿ, ಅಜ್ಜನ ಪಿಂಚಣಿಯ ಕಾಗದ ಎಲ್ಲವೂ ಅದರಿಂದಲೇ ಹೊರಬಂದವು. ಮೂರೂವರೆ ಸಾವಿರ ರೂಪಾಯಿಗೆ ಇಷ್ಟೆಲ್ಲ ಮಾಡುವ ಯಂತ್ರ ಸಿಕ್ಕಿತಲ್ಲ ಎಂದು ಮನೆಯವರೆಲ್ಲ ಖುಷಿಪಟ್ಟೆವು. ಕೆಲವೇ ವಾರಗಳಲ್ಲಿ ಕಪ್ಪು ಕಾರ್ಟ್ರಿಡ್ಜ್ ಖಾಲಿಯಾಯಿತು. ಹೊಸದಕ್ಕೆ ಎಂಟು ನೂರು ರೂಪಾಯಿ ಕೊಟ್ಟು ಬಂದೆ. ಅದರ ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರಗಳನ್ನು ಅಂದು ರಾತ್ರಿ ಮೊದಲ ಸಲ ಓದಿದೆ. ಅದರಿಂದ ಸುಮಾರು 120 ಪುಟ ಅಚ್ಚಾಗುತ್ತದಂತೆ. ಒಳಗಿದ್ದ ಶಾಯಿ 4 ಮಿಲಿಲೀಟರ್.

ಅಡುಗೆಮನೆಗೆ ಹೋಗಿ ಒಂದು ಚಹಾ ಚಮಚ ತಂದು ನೋಡಿದೆ. ಅದರಲ್ಲಿ 5 ಮಿಲಿಲೀಟರ್ ಹಿಡಿಯುತ್ತದೆ. ಎಂಟು ನೂರು ರೂಪಾಯಿಯ ಶಾಯಿಗೆ ಆ ಚಮಚವೂ ತುಂಬುವುದಿಲ್ಲ.

ಸಿರುಗುಪ್ಪದ ಸೋನಾ ಮಸೂರಿಯನ್ನು ಕಿಲೋಗೆ 60 ರೂಪಾಯಿಯಂತೆ ಹಿಡಿದರೆ ಅದೇ ಎಂಟು ನೂರು ರೂಪಾಯಿಗೆ ಹದಿಮೂರು ಕಿಲೋಗಿಂತ ಹೆಚ್ಚು ಅಕ್ಕಿ ಮನೆಗೆ ಬರುತ್ತದೆ. ಸಣ್ಣ ಸಂಸಾರ ಎರಡು ವಾರ ಉಣ್ಣಬಹುದಾದಷ್ಟು. ಆ ರಾತ್ರಿ ಶುರುವಾದ ಲೆಕ್ಕ ನನ್ನನ್ನು ಇನ್ನೂ ಬಿಟ್ಟಿಲ್ಲ. ಮನೆಯಲ್ಲಿ ಪ್ರಿಂಟರ್ ಇರುವವರು, ಕೊಳ್ಳಬೇಕೆಂದಿರುವವರು ಇದನ್ನು ಒಮ್ಮೆ ನನ್ನ ಜೊತೆ ಹಾಕಿ ನೋಡಬೇಕು ಎಂಬುದು ನನ್ನ ಆಸೆ.

ಲೀಟರಿಗೆ ಎರಡು ಲಕ್ಷ

4 ಮಿಲಿಲೀಟರಿಗೆ 800 ರೂಪಾಯಿ ಎಂದರೆ ಒಂದು ಮಿಲಿಲೀಟರಿಗೆ 200. ಒಂದು ಲೀಟರಿಗೆ 2,00,000 ರೂಪಾಯಿ.

ನಮ್ಮದು ಅದಿರಿನ ಜಿಲ್ಲೆ. ಅದಿರು ತುಂಬಿದ ಲಾರಿಯ ಹಿಂದೆ ಕೆಂಪು ಧೂಳು ಕುಡಿಯುತ್ತ ಸಾಗಿದ ಅನುಭವ ಇಲ್ಲಿ ಎಲ್ಲರಿಗೂ ಇದೆ. ಸಂಡೂರಿನ ಬೆಟ್ಟಗಳಿಂದ ಇಳಿಯುವ ಕಬ್ಬಿಣದ ಅದಿರಿನ ಬೆಲೆ ಟನ್ನಿಗೆ ಐದಾರು ಸಾವಿರ ರೂಪಾಯಿ ಎಂದು ಹಿಡಿಯೋಣ. ಎರಡು ಲಕ್ಷಕ್ಕೆ 33ರಿಂದ 40 ಟನ್ ಅದಿರು ಬರುತ್ತದೆ. ಬೆಟ್ಟ ಅಗೆದು, ಯಂತ್ರದಿಂದ ತುಂಬಿ, ಹತ್ತಾರು ಚಕ್ರದ ಲಾರಿ ಏದುಸಿರು ಬಿಡುತ್ತ ಹೊರುವ ಅಷ್ಟು ಭಾರದ ಬೆಲೆ, ನೀರಿನ ಬಾಟಲಿಯಲ್ಲಿ ಹಿಡಿಯುವ ಶಾಯಿಯ ಬೆಲೆ, ಎರಡೂ ಒಂದೇ.

ಪೆಟ್ರೋಲ್ ಲೀಟರಿಗೆ ನೂರು ದಾಟಿತೆಂದು ನಾವೆಲ್ಲ ಸಂಕಟಪಟ್ಟವರು. ಲೀಟರಿಗೆ 105 ರೂಪಾಯಿ ಎಂದು ಹಿಡಿದರೂ ಎರಡು ಲಕ್ಷಕ್ಕೆ 1,900 ಲೀಟರ್ ಪೆಟ್ರೋಲ್ ಸಿಗುತ್ತದೆ. ಲೀಟರಿಗೆ 45 ಕಿಲೋಮೀಟರ್ ಓಡುವ ಸ್ಕೂಟರಿಗೆ ಅದನ್ನು ಹಾಕಿದರೆ 85,000 ಕಿಲೋಮೀಟರ್ ದಾಟುತ್ತದೆ. ಭೂಮಿಯ ಸುತ್ತಳತೆ 40,075 ಕಿಲೋಮೀಟರ್. ಒಂದು ಲೀಟರ್ ಕಾರ್ಟ್ರಿಡ್ಜ್ ಶಾಯಿಯ ದುಡ್ಡಿನಲ್ಲಿ ಸ್ಕೂಟರ್ ಭೂಮಿಯನ್ನು ಎರಡು ಸುತ್ತು ಹಾಕಿ ಬರಬಹುದು.

ಶಾಯಿಯೆಂದರೆ ದುಬಾರಿ ಪದಾರ್ಥವೇ ಇರಬೇಕು ಎನ್ನುವವರಿಗೆ ಮೈಸೂರಿನ ಒಂದು ಲೆಕ್ಕ ಹೇಳುತ್ತೇನೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಆರಂಭವಾದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಕಾರ್ಖಾನೆ 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಅಳಿಸಲಾಗದ ಶಾಯಿ ಒದಗಿಸುತ್ತಿದೆ. ಅದರಲ್ಲಿ ಇರುವುದು ಸಿಲ್ವರ್ ನೈಟ್ರೇಟ್, ಅಂದರೆ ಬೆಳ್ಳಿಯ ಲವಣ. 2024ರ ಲೋಕಸಭಾ ಚುನಾವಣೆಗೆ ಅದು ತಲಾ 10 ಮಿಲಿಲೀಟರಿನ 26 ಲಕ್ಷಕ್ಕೂ ಹೆಚ್ಚು ಸೀಸೆಗಳನ್ನು ಸುಮಾರು 55 ಕೋಟಿ ರೂಪಾಯಿಗೆ ಒದಗಿಸಿತು. ಸೀಸೆಗೆ ಇನ್ನೂರು ರೂಪಾಯಿಯ ಆಸುಪಾಸು, ಮಿಲಿಲೀಟರಿಗೆ ಇಪ್ಪತ್ತು. ಬೆಳ್ಳಿ ಬೆರೆತ ಶಾಯಿಗಿಂತ ನಮ್ಮ ಮನೆಯ ಕಪ್ಪು ಶಾಯಿ ಹತ್ತು ಪಟ್ಟು ದುಬಾರಿ! ಒಂದು ಸೀಸೆಯಿಂದ ಸುಮಾರು 700 ಮತದಾರರ ಬೆರಳಿಗೆ ಗುರುತು ಹಾಕಬಹುದು. ಒಂದು ಬೆರಳಿಗೆ 30 ಪೈಸೆ. ನಮ್ಮ ಮನೆಯಲ್ಲಿ ಒಂದು ಪುಟಕ್ಕೆ ತಗಲುವ ಶಾಯಿಯ ಖರ್ಚು 6 ರೂಪಾಯಿ 67 ಪೈಸೆ. ಅಷ್ಟರಲ್ಲಿ ಇಪ್ಪತ್ತೆರಡು ಜನ ಮತ ಹಾಕಿ ಬರಬಹುದು.

ಇಂಥ ಹೋಲಿಕೆ ಮಾಡಿದವರಲ್ಲಿ ನಾನು ಮೊದಲಿಗನಲ್ಲ. 2003ರಲ್ಲಿ ಬ್ರಿಟನ್ನಿನ 'ವಿಚ್?' ಎಂಬ ಗ್ರಾಹಕ ಪತ್ರಿಕೆ ಪ್ರಿಂಟರ್ ಶಾಯಿಯನ್ನು 1985ನೆಯ ಇಸವಿಯ ಡಾಮ್ ಪೆರಿನ್ಯೋನ್ ಶಾಂಪೇನ್ ಜೊತೆ ತೂಗಿ ನೋಡಿತು. ಆ ಪ್ರಸಿದ್ಧ ಮದ್ಯಕ್ಕೆ ಮಿಲಿಲೀಟರಿಗೆ 23 ಪೆನ್ಸ್ ಇದ್ದರೆ ಶಾಯಿಗೆ 1 ಪೌಂಡ್ 70 ಪೆನ್ಸ್ ಇತ್ತು. ಏಳು ಪಟ್ಟು ಹೆಚ್ಚು.

ಹನಿಯ ಲೆಕ್ಕ

ಹಾಗಾದರೆ ಈ ಶಾಯಿ ಕಾಗದದ ಮೇಲೆ ಬೀಳುವುದು ಹೇಗೆ? ಇಲ್ಲಿ ಇನ್ನೊಂದು ಬಗೆಯ ಬೆರಗಿದೆ.

ಇಂಕ್‌ಜೆಟ್ ಯಂತ್ರದ ಹನಿಯನ್ನು ಅಳೆಯುವುದು ಪಿಕೊಲೀಟರಿನಲ್ಲಿ. ಒಂದು ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೊಲೀಟರ್. ಮನೆಬಳಕೆಯ ಯಂತ್ರ ಚಿಮ್ಮಿಸುವ ಒಂದು ಹನಿ ಕೆಲವೇ ಪಿಕೊಲೀಟರ್. ನಾಲ್ಕು ಎಂದು ಹಿಡಿಯೋಣ. ಆಗ ಚಮಚ ತುಂಬದ ನಮ್ಮ ಶಾಯಿಯಲ್ಲಿ ಇರುವ ಹನಿಗಳ ಸಂಖ್ಯೆ ನೂರು ಕೋಟಿ. ಸೆಕೆಂಡಿಗೆ ಒಂದರಂತೆ ಹಗಲೂ ರಾತ್ರಿ ಎಣಿಸುತ್ತ ಕೂತರೆ ಮುಗಿಸಲು 31 ವರ್ಷ 8 ತಿಂಗಳು ಬೇಕು. ಇಂಥ ಒಂದು ಹನಿಯ ಅಡ್ಡಳತೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗ. ತಲೆಗೂದಲೊಂದರ ಅಗಲದಲ್ಲಿ ಮೂರ್ನಾಲ್ಕು ಹನಿ ಕೂರುತ್ತವೆ. ನೂರು ಕೋಟಿ ಹನಿಗಳನ್ನೂ ಮಣಿಯಂತೆ ಒಂದರ ಪಕ್ಕ ಒಂದು ಪೋಣಿಸಿದರೆ ಸರ 20 ಕಿಲೋಮೀಟರ್ ಉದ್ದವಾಗುತ್ತದೆ. ಬಳ್ಳಾರಿಯಿಂದ ಕುರುಗೋಡಿನ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ದೂರ.

ಒಂದು ಪುಟಕ್ಕೆ ತಗಲುವ ಶಾಯಿಯನ್ನೂ ನೋಡೋಣ. 4 ಮಿಲಿಲೀಟರನ್ನು 120 ಪುಟಕ್ಕೆ ಹಂಚಿದರೆ ಪುಟಕ್ಕೆ 83 ಲಕ್ಷ ಹನಿ ಬರುತ್ತದೆ. ಕೇಳಲು ದೊಡ್ಡ ಸಂಖ್ಯೆ. ಆದರೆ ನಲ್ಲಿಯಿಂದ ತೊಟ್ಟಿಕ್ಕುವ ಒಂದೇ ಒಂದು ನೀರಿನ ಹನಿಯಲ್ಲಿ ಇಂಥ ಒಂದೂಕಾಲು ಕೋಟಿ ಹನಿಗಳು ಅಡಗುತ್ತವೆ. ಅಂದರೆ ಪುಟ ತುಂಬ ಬರೆಯಲು ಬೇಕಾದ ಶಾಯಿ ನಲ್ಲಿಯ ಒಂದು ಹನಿಯಷ್ಟೂ ಇಲ್ಲ, ಅದರ ಮೂರರಲ್ಲಿ ಎರಡು ಪಾಲು. ಹನಿ ಹನಿ ಕೂಡಿದರೆ ಹಳ್ಳ ಎಂದರು ಹಿರಿಯರು. ಇಲ್ಲಿ ನೂರು ಕೋಟಿ ಹನಿ ಕೂಡಿದರೂ ಒಂದು ಚಮಚ ತುಂಬದು.

ಇಷ್ಟು ಸಣ್ಣ ಹನಿಯನ್ನು ಗುರಿಯಿಟ್ಟು ಚಿಮ್ಮಿಸುವುದು ಸಾಮಾನ್ಯ ವಿದ್ಯೆಯಲ್ಲ. ಜಪಾನಿನ ಕ್ಯಾನನ್ ಕಂಪನಿಯ ಪ್ರಯೋಗಾಲಯದಲ್ಲಿ 1977ರಲ್ಲಿ ಬಿಸಿ ಬೆಸುಗೆ ಕಡ್ಡಿಯೊಂದು ಅಕಸ್ಮಾತ್ತಾಗಿ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಗಲಿತು, ತುದಿಯಿಂದ ಶಾಯಿ ಚಿಮ್ಮಿತು. ಅದನ್ನು ಕಂಡ ಇಚಿರೋ ಎಂಡೊ ಎಂಬ ತಂತ್ರಜ್ಞರು ಆ ದಾರಿ ಹಿಡಿದು ಹೊರಟರು. ಸುಮಾರು ಅದೇ ಕಾಲದಲ್ಲಿ ಅಮೆರಿಕದ ಎಚ್‌ಪಿ ಕಂಪನಿಯವರೂ ಬೇರೆ ದಾರಿಯಿಂದ ಅಲ್ಲಿಗೇ ಬಂದು ಮುಟ್ಟಿದರು. ಕೂದಲಿಗಿಂತ ಕಿರಿದಾದ ರಂಧ್ರದ ಹಿಂದೆ ಒಂದು ಪುಟ್ಟ ಕಾವುಪಟ್ಟಿ ಇರುತ್ತದೆ. ಅದು ಸೆಕೆಂಡಿನ ಹತ್ತು ಲಕ್ಷ ಪಾಲುಗಳಲ್ಲಿ ಕೆಲವೇ ಪಾಲಿನಷ್ಟು ಹೊತ್ತಿನಲ್ಲಿ 300 ಡಿಗ್ರಿ ದಾಟುತ್ತದೆ, ಶಾಯಿಯಲ್ಲಿ ಗುಳ್ಳೆ ಏಳುತ್ತದೆ, ಆ ಗುಳ್ಳೆ ಒಂದು ಹನಿಯನ್ನು ಹೊರಗೆ ತಳ್ಳಿ ಕುಸಿಯುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಇದು ನಡೆಯುತ್ತದೆ. 1984ರಲ್ಲಿ ಮಾರುಕಟ್ಟೆಗೆ ಬಂದ ಎಚ್‌ಪಿ ಥಿಂಕ್‌ಜೆಟ್‌ಗೆ ಇದ್ದದ್ದು 12 ರಂಧ್ರ. ಇಂದಿನ ಮನೆಯ ಯಂತ್ರಗಳಲ್ಲಿ ನೂರಾರು, ಕೆಲವದರಲ್ಲಿ ಸಾವಿರ ಮೀರಿ ಇರುತ್ತವೆ.

ಈ ವಿದ್ಯೆಗೆ ಬೆಲೆ ಕೊಡಬೇಕು, ನಿಜ. ಬಹಳಷ್ಟು ಸಣ್ಣ ಕಾರ್ಟ್ರಿಡ್ಜ್‌ಗಳಲ್ಲಿ ಶಾಯಿಯ ಜೊತೆ ಈ ರಂಧ್ರ, ಕಾವುಪಟ್ಟಿಗಳಿರುವ ಮುದ್ರಣ ತಲೆಯೂ ಇರುತ್ತದೆ ಎಂಬುದೂ ನಿಜ. ಆದರೆ 120 ಪುಟಕ್ಕೊಮ್ಮೆ ಅಂಥ ಸೂಕ್ಷ್ಮ ತಲೆಯನ್ನು ಕಸಕ್ಕೆ ಎಸೆದು ಹೊಸದನ್ನು ಕೊಳ್ಳಬೇಕಾದ ವ್ಯವಸ್ಥೆ ಯಾರಿಗೆ ಒಳ್ಳೆಯದು?

ಬಾಯಿ ಮುಕ್ಕಳಿಸುವ ಯಂತ್ರ

ಬೆಲೆ ಇಲ್ಲಿಗೇ ನಿಲ್ಲುವುದಿಲ್ಲ. ಕೊಂಡ ಶಾಯಿಯೆಲ್ಲ ಕಾಗದಕ್ಕೆ ಹೋಗುವುದೂ ಇಲ್ಲ.

ಬಳ್ಳಾರಿಯ ಬೇಸಿಗೆ ಎಲ್ಲರಿಗೂ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ತೇವವಿಲ್ಲ. ಒಗೆದ ಬಟ್ಟೆ ಅರ್ಧ ಗಂಟೆಯಲ್ಲಿ ಗರಿಗರಿ. ಇಂಕ್‌ಜೆಟ್ ಶಾಯಿಯಲ್ಲಿ ಹೆಚ್ಚಿನ ಪಾಲು ನೀರೇ. ಎರಡು ವಾರ ಬಳಸದೆ ಬಿಟ್ಟ ಪ್ರಿಂಟರಿನ ರಂಧ್ರಗಳ ಬಾಯಲ್ಲಿ ಆ ನೀರು ಆರಿ ಶಾಯಿ ಗಟ್ಟಿಯಾಗುತ್ತದೆ. ಅದನ್ನು ತೆಗೆಯಲು ಯಂತ್ರ ತನ್ನಷ್ಟಕ್ಕೆ ತಾನು ಬಾಯಿ ಮುಕ್ಕಳಿಸುತ್ತದೆ. ಹೊಸ ಶಾಯಿಯನ್ನು ರಂಧ್ರಗಳ ಮೂಲಕ ಎಳೆದು ಒಳಗಿನ ಒಂದು ಸ್ಪಂಜಿಗೆ ಉಗುಳುತ್ತದೆ. ಸ್ವಿಚ್ ಹಾಕಿದಾಗ ಗರಗರ ಸದ್ದು ಕೇಳುತ್ತದಲ್ಲ, ಎಷ್ಟೋ ಸಲ ಅದು ಇದೇ ಕೆಲಸದ ಸದ್ದು. ಕಾಗದದ ಮೇಲೆ ಒಂದು ಅಕ್ಷರ ಮೂಡುವ ಮೊದಲೇ ಖರ್ಚು ಶುರುವಾಗಿರುತ್ತದೆ.

ಅಮೆರಿಕದ 'ಕನ್ಸ್ಯೂಮರ್ ರಿಪೋರ್ಟ್ಸ್' ಸಂಸ್ಥೆ 2013ರಲ್ಲಿ ಮನೆಯವರು ಬಳಸುವ ಹಾಗೆ ಆಗಾಗ ಸ್ವಲ್ಪ ಸ್ವಲ್ಪ ಅಚ್ಚು ಹಾಕಿ ಪರೀಕ್ಷೆ ಮಾಡಿತು. ಅನೇಕ ಯಂತ್ರಗಳು ಕಾಗದಕ್ಕೆ ಮುಟ್ಟಿಸಿದ್ದು ಶಾಯಿಯ ಅರ್ಧ ಅಥವಾ ಅದಕ್ಕಿಂತ ಕಡಿಮೆ. ಅಂದರೆ ಕಾಗದದ ಮೇಲೆ ನಿಂತ ಶಾಯಿಯ ನಿಜವಾದ ಬೆಲೆ ಲೀಟರಿಗೆ ಎರಡು ಲಕ್ಷವಲ್ಲ, ನಾಲ್ಕು ಲಕ್ಷ!

ನಮ್ಮ ಮನೆಯಲ್ಲಿ ನಾವೇ ಒಂದು ತಪ್ಪು ಮಾಡುತ್ತಿದ್ದೆವು. ಕೆಲಸ ಮುಗಿದೊಡನೆ ಗೋಡೆಯ ಸ್ವಿಚ್ ಆರಿಸುತ್ತಿದ್ದೆವು. ಪ್ರಿಂಟರಿನದೇ ಗುಂಡಿ ಒತ್ತಿ ಆರಿಸಿದರೆ ಅದು ಮುದ್ರಣ ತಲೆಯನ್ನು ಮೂಲೆಗೆ ಒಯ್ದು ರಬ್ಬರ್ ಮುಚ್ಚಳದ ಮೇಲೆ ಕೂರಿಸುತ್ತದೆ. ನಡುವೆ ವಿದ್ಯುತ್ ಕಡಿದರೆ ರಂಧ್ರಗಳು ತೆರೆದ ಬಾಯಲ್ಲೇ ಬಿಸಿಗಾಳಿಗೆ ಒಣಗುತ್ತವೆ.

ಮೂಗಿಗಿಂತ ಮೂಗುತಿ ಭಾರ

ಪ್ರಿಂಟರ್ ಮೂರೂವರೆ ಸಾವಿರ, ಚಮಚ ಶಾಯಿ ಎಂಟು ನೂರು. ಐದನೆಯ ಕಾರ್ಟ್ರಿಡ್ಜ್ ಕೊಳ್ಳುವ ಹೊತ್ತಿಗೆ ಶಾಯಿಯ ಖರ್ಚು ಯಂತ್ರದ ಬೆಲೆಯನ್ನು ಮೀರುತ್ತದೆ. ಇದು ಆಕಸ್ಮಿಕವಲ್ಲ. ಯಂತ್ರವನ್ನು ಅಗ್ಗಕ್ಕೆ ಕೊಟ್ಟು ಶಾಯಿಯಲ್ಲಿ ಗಳಿಸುವುದೇ ಈ ವ್ಯಾಪಾರದ ಕ್ರಮ. ಎಚ್‌ಪಿ ಕಂಪನಿಯ 2023ರ ವರ್ಷದ ಲೆಕ್ಕವನ್ನೇ ನೋಡಿ. ಮುದ್ರಣ ವಿಭಾಗದ ಆದಾಯ ಸುಮಾರು 1,800 ಕೋಟಿ ಡಾಲರ್. ಅದರಲ್ಲಿ ಶಾಯಿ, ಲೇಸರ್ ಪ್ರಿಂಟರಿಗೆ ಹಾಕುವ ಟೋನರ್ ಪುಡಿ ಮುಂತಾದವುಗಳಿಂದ ಬಂದದ್ದೇ 1,140 ಕೋಟಿ ಡಾಲರ್. ನಮ್ಮ ಲೆಕ್ಕದಲ್ಲಿ 90 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಕರ್ನಾಟಕ ಸರ್ಕಾರ 2024-25ರಲ್ಲಿ ಐದು ಗ್ಯಾರಂಟಿ ಯೋಜನೆಗಳಿಗೆ ತೆಗೆದಿಟ್ಟ ಹಣ ಸುಮಾರು 52 ಸಾವಿರ ಕೋಟಿ. ಇಡೀ ರಾಜ್ಯದ ಗ್ಯಾರಂಟಿಗಳ ಒಂದೂಮುಕ್ಕಾಲು ಪಟ್ಟು ಹಣ ಒಂದೇ ಕಂಪನಿಯ ಒಂದು ವರ್ಷದ ಶಾಯಿ-ಪುಡಿಯ ಮಾರಾಟದಲ್ಲಿ!

ಈ ಗಳಿಕೆ ಕೈತಪ್ಪದಂತೆ ಕಾವಲೂ ಇದೆ. ಕಾರ್ಟ್ರಿಡ್ಜ್‌ಗೆ ಚಿಪ್ ಅಂಟಿಸಿ, ಬೇರೆಯವರ ಶಾಯಿ ಹಾಕಿದರೆ ಯಂತ್ರ ಕೆಲಸ ಮಾಡದಂತೆ ಮಾಡುತ್ತಾರೆ. 2016ರ ಸೆಪ್ಟೆಂಬರ್ 13ರಂದು ಜಗತ್ತಿನ ಎಷ್ಟೋ ಎಚ್‌ಪಿ ಪ್ರಿಂಟರುಗಳು ಹೊರಗಿನ ಕಾರ್ಟ್ರಿಡ್ಜ್‌ಗಳನ್ನು ಒಮ್ಮೆಗೇ ತಿರಸ್ಕರಿಸಿದವು. 2020ರ ಡಿಸೆಂಬರಿನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಇಂಥ ನಿರ್ಬಂಧಗಳನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸಲಿಲ್ಲವೆಂದು ಆ ಕಂಪನಿಗೆ ಒಂದು ಕೋಟಿ ಯೂರೋ ದಂಡ ಹಾಕಿತು. ಇನ್ನೊಂದು ಕಡೆ, ಲೆಕ್ಸ್‌ಮಾರ್ಕ್ ಕಂಪನಿ ತನ್ನ ಖಾಲಿ ಟೋನರ್ ಕಾರ್ಟ್ರಿಡ್ಜ್‌ಗಳನ್ನು ತುಂಬಿ ಮಾರುತ್ತಿದ್ದ ಒಂದು ಸಣ್ಣ ಸಂಸ್ಥೆಯನ್ನು ಕೋರ್ಟಿಗೆಳೆದಿತ್ತು. ಮಾರಿದ ಮೇಲೆ ಆ ವಸ್ತುವಿನ ಮೇಲೆ ಪೇಟೆಂಟ್ ಹಕ್ಕು ಉಳಿಯದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2017ರ ಮೇ 30ರಂದು ತೀರ್ಪು ಕೊಟ್ಟಿತು.

ಅಚ್ಚಿನ ವಿಷಯದಲ್ಲಿ ಬಳ್ಳಾರಿಗೆ ಮಾತಾಡುವ ಹಕ್ಕಿದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರಡಿಸಿದರು. ಮರುವರ್ಷವೇ ಅದು ನಮ್ಮೂರಿಗೆ ಬಂದು 'ಕನ್ನಡ ಸಮಾಚಾರ' ಎಂಬ ಹೆಸರಿನಲ್ಲಿ ಅಚ್ಚಾಯಿತು. ಇಲ್ಲಿ ಮೊಳೆ ಜೋಡಿಸಿ ಅಚ್ಚು ಹಾಕುವ ಮುದ್ರಣಾಲಯ ಇತ್ತು ಎಂಬುದೇ ಕಾರಣ. ಇಂದಿಗೂ ಲಗ್ನಪತ್ರಿಕೆ, ಬಿಲ್ ಪುಸ್ತಕ ಅಚ್ಚು ಹಾಕುವ ಪ್ರೆಸ್ಸುಗಳಲ್ಲಿ ಕಪ್ಪು ಶಾಯಿ ಕೆಲವು ನೂರು ರೂಪಾಯಿಗೆ ಒಂದು ಕಿಲೋ ಸಿಗುತ್ತದೆ. ಆ ಶಾಯಿ ಬೇರೆ, ಇಂಕ್‌ಜೆಟ್ ಶಾಯಿ ಬೇರೆ. ಆದರೂ ಒಂದೇ ಊರಿನ ಎರಡು ಯಂತ್ರಗಳ ನಡುವೆ ನೂರಾರು ಪಟ್ಟು ಅಂತರ.

ಅದೇ ಹನಿ, ಬೇರೆ ಬೆಲೆ

ಇಂಕ್‌ಜೆಟ್ ಶಾಯಿ ಅಗ್ಗವಾಗಲಾರದೆ? ಆಗಬಲ್ಲದು, ಆಗಿದೆ. ಇಂಡೋನೇಷ್ಯಾದ ಬಳಕೆದಾರರು ಕಾರ್ಟ್ರಿಡ್ಜ್ ಬೆಲೆ ತಾಳಲಾರದೆ ಪ್ರಿಂಟರಿನ ಪಕ್ಕಕ್ಕೆ ಶಾಯಿ ಬಾಟಲಿ ಕಟ್ಟಿ ಕೊಳವೆ ಎಳೆದುಕೊಂಡಿದ್ದರು. ಅದನ್ನು ನೋಡಿದ ಎಪ್ಸನ್ ಕಂಪನಿ 2010ರಲ್ಲಿ ಅದೇ ದೇಶದಲ್ಲಿ ಶಾಯಿ ತೊಟ್ಟಿಯಿರುವ ಪ್ರಿಂಟರನ್ನು ತಾನೇ ಮಾರುಕಟ್ಟೆಗೆ ತಂದಿತು. ಬಳಿಕ ಉಳಿದ ಕಂಪನಿಗಳೂ ಹಿಂಬಾಲಿಸಿದವು. ಈಗ ಭಾರತದ ಅಂಗಡಿಗಳಲ್ಲಿ ಸಿಗುವ ಎಪ್ಸನ್ 003 ಕಪ್ಪು ಬಾಟಲಿಯಲ್ಲಿ 65 ಮಿಲಿಲೀಟರ್ ಶಾಯಿ ಇದೆ, ಕಂಪನಿ ಹೇಳುವ ಪುಟಗಳ ಸಂಖ್ಯೆ 4,500. ಬಾಟಲಿಗೆ 450 ರೂಪಾಯಿ ಎಂದು ಹಿಡಿದರೆ ಪುಟಕ್ಕೆ ಹತ್ತು ಪೈಸೆ! ನಮ್ಮ ಕಾರ್ಟ್ರಿಡ್ಜ್‌ನ 6 ರೂಪಾಯಿ 67 ಪೈಸೆ ಎಲ್ಲಿ, ಹತ್ತು ಪೈಸೆ ಎಲ್ಲಿ! ಅಗ್ಗದ ಶಾಯಿ ಮಾಡಲು ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಎಲ್ಲರೂ ತೊಟ್ಟಿ ಪ್ರಿಂಟರ್ ಕೊಳ್ಳಬೇಕೆ? ಅದಕ್ಕೂ ಲೆಕ್ಕವೇ ಉತ್ತರ ಹೇಳಲಿ. ತೊಟ್ಟಿ ಪ್ರಿಂಟರಿಗೆ 12,000 ರೂಪಾಯಿ, ಕಾಗದಕ್ಕೆ ಹಾಳೆಗೆ 55 ಪೈಸೆ, ಬೀದಿ ಮೂಲೆಯ ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ 3 ರೂಪಾಯಿ ಎಂದು ಇಟ್ಟುಕೊಳ್ಳೋಣ. ತಿಂಗಳಿಗೆ 30 ಪುಟ ಬೇಕಾಗುವ ಮನೆಗೆ ಮೂರು ವರ್ಷದಲ್ಲಿ 1,080 ಪುಟ ಆಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಅದಕ್ಕೆ 3,240 ರೂಪಾಯಿ. ತೊಟ್ಟಿ ಪ್ರಿಂಟರಿನಲ್ಲಿ ಯಂತ್ರವೂ ಸೇರಿ 12,700. ಕಾರ್ಟ್ರಿಡ್ಜ್ ಪ್ರಿಂಟರಿನಲ್ಲಿ ಒಂದು ಹನಿ ಪೋಲಾಗದಿದ್ದರೆ 11,300, ಅರ್ಧ ಶಾಯಿ ಮುಕ್ಕಳಿಸುವುದಕ್ಕೇ ಹೋದರೆ 18,500. ಯಂತ್ರದ ಜೊತೆ ಬರುವ ಮೊದಲ ಕಾರ್ಟ್ರಿಡ್ಜ್ ಕಳೆದರೂ ಈ ಚಿತ್ರ ಹೆಚ್ಚು ಬದಲಾಗದು.

ತಿಂಗಳಿಗೆ 140 ಪುಟದವರೆಗೂ ಜೆರಾಕ್ಸ್ ಅಂಗಡಿಯೇ ಅಗ್ಗ. ಅದನ್ನು ದಾಟಿದರೆ ತೊಟ್ಟಿ ಪ್ರಿಂಟರ್ ಲಾಭ. ಟ್ಯೂಷನ್ ನಡೆಸುವವರು, ಸಣ್ಣ ಕಚೇರಿಯವರು, ಮನೆಯಲ್ಲಿ ಇಬ್ಬರು ಮೂವರು ಓದುವ ಮಕ್ಕಳಿರುವವರು ಈ ಗುಂಪಿನವರು. ಬರೀ ಕಪ್ಪು ಅಕ್ಷರ ಸಾಕು, ತಿಂಗಳುಗಟ್ಟಲೆ ಮುಟ್ಟದೆ ಇಡುತ್ತೇವೆ ಎನ್ನುವವರಿಗೆ ಲೇಸರ್ ಪ್ರಿಂಟರ್ ಒಳ್ಳೆಯದು. ಅದರಲ್ಲಿರುವುದು ಪುಡಿ, ನಮ್ಮ ಬಿಸಿಲಿಗೆ ಅದು ಒಣಗುವ ಮಾತಿಲ್ಲ. ಅತಿ ಅಗ್ಗವೆಂದು ನಾವೆಲ್ಲ ಹೊತ್ತು ತರುವ ಕಾರ್ಟ್ರಿಡ್ಜ್ ಪ್ರಿಂಟರ್ ಮಾತ್ರ ಈ ಲೆಕ್ಕದಲ್ಲಿ ಒಮ್ಮೆಯೂ ಮೊದಲ ಸ್ಥಾನಕ್ಕೆ ಬರಲಿಲ್ಲ. ಪುಟ ಹತ್ತಾಗಲಿ, ಸಾವಿರವಾಗಲಿ.

ಈಗಾಗಲೇ ಕೊಂಡವರು ಎಸೆಯಬೇಕಿಲ್ಲ. ಯಂತ್ರವನ್ನು ಅದರದೇ ಗುಂಡಿಯಿಂದ ಆರಿಸಿ. ವಾರಕ್ಕೊಮ್ಮೆ ಒಂದು ಸಣ್ಣ ಪುಟ ಅಚ್ಚು ಹಾಕಿ. ದಿನನಿತ್ಯದ ಕಾಗದಕ್ಕೆ ಡ್ರಾಫ್ಟ್ ಎಂಬ ತೆಳು ಅಚ್ಚು ಸಾಕು. ಬಣ್ಣದ ಚಿತ್ರಗಳನ್ನು ಅಂಗಡಿಯಲ್ಲೇ ಹಾಕಿಸಿ. ಖಾಲಿ ಕಾರ್ಟ್ರಿಡ್ಜ್ ಇ-ತ್ಯಾಜ್ಯದ ನಿಯಮದಡಿ ಬರುತ್ತದೆ, ಅದನ್ನು ಮನೆಯ ಕಸದ ಜೊತೆ ಬೆರೆಸಬೇಡಿ.

ಇನ್ನು ನನ್ನ ಒಂದೇ ಬೇಡಿಕೆ. ಫ್ರಿಜ್ ಕೊಳ್ಳುವಾಗ ವರ್ಷಕ್ಕೆ ಎಷ್ಟು ಯೂನಿಟ್ ವಿದ್ಯುತ್ ಎಳೆಯುತ್ತದೆ ಎಂದು ಅದರ ಬಾಗಿಲ ಮೇಲೇ ಅಂಟಿಸಿರುತ್ತಾರೆ. ಎಣ್ಣೆಯ ಪೊಟ್ಟಣದ ಮೇಲೆ ಒಂದು ಮಿಲಿಲೀಟರಿಗೆ ಅಥವಾ ಲೀಟರಿಗೆ ಎಷ್ಟು ಬೆಲೆ ಎಂದು ಮುದ್ರಿಸುವ ನಿಯಮವೂ ಬಂದಿದೆ. ಪ್ರಿಂಟರಿನ ಪೆಟ್ಟಿಗೆಯ ಮೇಲೆ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಒಂದು ಪುಟಕ್ಕೆ ಎಷ್ಟು ಖರ್ಚು ಎಂಬುದನ್ನು ಅಚ್ಚು ಹಾಕಬೇಕು. ಅಚ್ಚು ಹಾಕುವ ಯಂತ್ರ ಮಾರುವವರಿಗೆ ಅದು ಕಷ್ಟದ ಕೆಲಸವಲ್ಲ.

ಆ ದಿನ ಬರುವವರೆಗೆ ನಾವೇ ಕೇಳೋಣ. ಅಂಗಡಿಗೆ ಹೋದಾಗ ಪ್ರಿಂಟರಿನ ಬೆಲೆ ಕೇಳುವ ಮೊದಲು ಅದರ ಶಾಯಿಯ ಬೆಲೆ ಕೇಳಿ, ಅದರಿಂದ ಎಷ್ಟು ಪುಟ ಬರುತ್ತದೆ ಎಂದು ಕೇಳಿ, ಅಲ್ಲೇ ಮೊಬೈಲಿನಲ್ಲಿ ಭಾಗಿಸಿ ನೋಡಿ. ಎಂಟು ನೂರನ್ನು ನೂರಿಪ್ಪತ್ತರಿಂದ ಭಾಗಿಸಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷವನ್ನು ನಾನು ಕೊಡಲಿಲ್ಲ, ನೀವು ಕೊಡಿ.